ಹನ್ನೆರಡನೆಯ ಷರತ್ತಿನ ಬಗ್ಗೆ ಎಸ್ಕ್ರೋ ಕಚೇರಿಗೊಂದು ದೂರು

ಬೈರಮಂಗಲ,
೧೪ ಅಕ್ಟೋಬರ್ ೨೦೦೭

ಕುಮಾರಿ ಭಾನುಪ್ರಿಯ ಅವರಿಗೆ,
ಎಸ್ಕ್ರೋ ಅಧಿಕಾರಿ, ಸಮಪಾಲು ಟ್ರಸ್ಟಿ ಸೇವಾ ಸಂಸ್ಥೆ,
ಫೋಟೊ ಸ್ಟುಡಿಯೋದ ಮೇಲಿನ ಮಹಡಿ, ರಾಮನಗರ.

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲೆ ಸದಾ ಚೂಪಾಗಿ ನಿಂತಿರುವ ಪೆನ್ಸಿಲುಗಳಿಗೂ, ಅವುಗಳನ್ನು ಹೊತ್ತಿರುವ ಚನ್ನಪಟ್ಟಣದ ಅರಗಿನ ಬಣ್ಣದ ಡಬ್ಬಿಗೂ, ಕರೆಂಟು ಹೋದಾಗಲೂ ಕೆಲಸ ನಿಲ್ಲಿಸದ ತಮ್ಮ ಮೊಹರಿಗೂ, ನಮ್ಮೂರ ಹಾಲಿನ ಸೊಸೈಟಿಯ ನಿವೃತ್ತ ಕಾರ್ಯದರ್ಶಿಯಾದ ಬಾಲರಾಜು ಎಂಬ ನಾನು ತಲೆಬಾಗಿ ನಮಸ್ಕರಿಸುತ್ತೇನೆ. ತಮ್ಮ ಸಂಸ್ಥೆಯಿಂದ ಕಳೆದ ವಾರ ಬಂದ ಅಚ್ಚು ಹಾಕಿಸಿದ ಕಾರ್ಡು ತಲುಪಿತು. 'ನಮ್ಮ ಸೇವೆ ತಮಗೆ ತೃಪ್ತಿ ತಂದಿದೆಯೇ? ದಯವಿಟ್ಟು ಎರಡು ಸಾಲಿನಲ್ಲಿ ತಿಳಿಸಿ' ಎಂದು ಕೇಳಿ, ಕೆಳಗೆ ನಿಜಕ್ಕೂ ಎರಡೇ ಗೆರೆ ಎಳೆದಿದ್ದೀರಿ. ಮೂವತ್ತೊಂದು ವರ್ಷ ಸೊಸೈಟಿಯ ಪತ್ರವ್ಯವಹಾರ ನಡೆಸಿದವನು ನಾನು; ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವರಿಗೂ 'ತಮ್ಮ ಹಾಲಿನಲ್ಲಿ ಇತ್ತೀಚೆಗೆ ಕಂಡುಬರುತ್ತಿರುವ ತಿಳಿತನದ ವಿಷಯವಾಗಿ' ಎಂದು ಪೂರ್ತಿ ಒಂದು ಪುಟ ಬರೆದವನು. ಎರಡು ಗೆರೆಯಲ್ಲಿ ನನ್ನ ನಮಸ್ಕಾರವೇ ಹಿಡಿಸುವುದಿಲ್ಲವಾದ ಕಾರಣ ಉಳಿದದ್ದನ್ನು ಈ ಬಹಿರಂಗ ಪತ್ರದ ಮೂಲಕ ನಿವೇದಿಸಿಕೊಳ್ಳುತ್ತಿದ್ದೇನೆ.

ತಮ್ಮ ಸೇವೆಯ ಅಗತ್ಯ ನನಗೆ ಯಾಕೆ ಬಿತ್ತು ಎಂಬುದು ತಮಗೆ ಗೊತ್ತಿದೆ, ಆದರೆ ಈ ಪತ್ರ ಓದುವ ಇತರರಿಗೆ ಗೊತ್ತಿಲ್ಲ. ಬೈರಮಂಗಲದ ಕೆರೆಯ ಕೆಳಗೆ ನಮ್ಮಪ್ಪನಿಂದ ಬಂದ ಎರಡೂಕಾಲು ಎಕರೆ ಹಿಪ್ಪುನೇರಳೆ ತೋಟವಿತ್ತು. ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಅವುಗಳಿಗೆ ಗೋದಾಮು ಕಟ್ಟಿಕೊಡುವ ಬೆಂಗಳೂರಿನ ಕಂಪನಿಯೊಂದು ಅದನ್ನು ಕೇಳಿಕೊಂಡು ಬಂತು. ತೋಟ ಕೊಟ್ಟು ಹೆದ್ದಾರಿಯ ಬದಿಯಲ್ಲಿ ಒಂದು ಸೈಟು ಕೊಂಡು, ಕಾರ್ಖಾನೆಯ ಕೆಲಸಗಾರರಿಗೆ ಬಾಡಿಗೆಗೆ ಎಂಟು ಕೋಣೆ ಕಟ್ಟಿಸಿ, ತಿಂಗಳಿಗೊಮ್ಮೆ ಬಾಗಿಲು ತಟ್ಟುವುದಷ್ಟೇ ಕೆಲಸವಾಗಿರುವ ಮುಪ್ಪನ್ನು ಕಳೆಯಬೇಕೆಂಬುದು ನನ್ನ ಆಸೆಯಾಗಿತ್ತು. ನಮ್ಮ ಕಡೆ ಜಮೀನಿನ ವ್ಯಾಪಾರವೆಂದರೆ ಹೋಟೆಲಿನಲ್ಲಿ ಕೂತು ಅಡ್ವಾನ್ಸು ತೆಗೆದುಕೊಳ್ಳುವುದು, ಆಮೇಲೆ ಎರಡು ವರ್ಷ ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು ಓಡಾಡುವುದು. ಈ ಕಂಪನಿಯವರು ಮಾತ್ರ ಎಸ್ಕ್ರೋ ಆದರೆ ಸೈ, ಇಲ್ಲದಿದ್ದರೆ ಇಲ್ಲ ಎಂದರು.

ಆ ಪದವನ್ನು ನಾನು ಮೊದಲು ಕೇಳಿದಾಗ ಅದೊಂದು ಬಗೆಯ ಗೊಬ್ಬರವಿರಬೇಕೆಂದುಕೊಂಡೆ. ಅರ್ಥ ಬಿಡಿಸಿ ಹೇಳಿದವನು ದಲ್ಲಾಳಿ ಮುಕ್ತಿಯಾರ್. ಇಪ್ಪತ್ತು ವರ್ಷ ರಾಮನಗರದಲ್ಲಿ ಗೂಡಿನ ದಲ್ಲಾಳಿಯಾಗಿದ್ದು, ರೇಷ್ಮೆಗೂಡಿಗಿಂತ ಸೈಟಿನ ತೂಕ ಹೆಚ್ಚೆಂದು ತಿಳಿದ ಮೇಲೆ ಕಸುಬು ಬದಲಾಯಿಸಿದವನು.

"ಸಾಮಿ, ಹಿಂಗೆ ಅನ್ಕೊಳಿ," ಎಂದ. "ಅವರು ದುಡ್ಡು ತಂದು ಮೂರನೇಯವರ ತಾವ ಇಡ್ತಾರೆ. ನೀವು ಪತ್ರ ತಂದು ಅದೇ ಮೂರನೇಯವರ ತಾವ ಇಡ್ತೀರಿ. ಇಬ್ಬರೂ ಒಪ್ಪಿ ಬರ್ಕೊಟ್ಟ ಷರತ್ತು ಒಂದೊಂದೇ ನಡೀಬೇಕು. ಎಲ್ಲಾ ನಡೆದ ದಿನ ದುಡ್ಡು ನಿಮಗೆ, ಪತ್ರ ಅವರಿಗೆ. ಒಂದು ನಡೀದಿದ್ರೂ ದುಡ್ಡು ಅವರಿಗೇ ವಾಪಸ್, ಪತ್ರ ನಿಮಗೇ ವಾಪಸ್. ಅಲ್ಲೀಗಂಟ ಆ ದುಡ್ಡು ಅವರ್ದೂ ಅಲ್ಲ, ನಿಮ್ದೂ ಅಲ್ಲ."

"ಮತ್ತೆ ಯಾರದು?" ಎಂದೆ.

"ಕಾಗದದ್ದು," ಎಂದ ಮುಕ್ತಿಯಾರ್.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನನಗೆ ಎಚ್ಚರ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮಾರ್ಚಿ ತಿಂಗಳಲ್ಲಿ ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದೆವು. ಕಂಪನಿಯವರು ಹಣ ಇಟ್ಟರು, ನಾನು ಮೂಲಪತ್ರ ಇಟ್ಟೆ. ತಾವು ಎರಡಕ್ಕೂ ರಸೀತಿ ಕೊಟ್ಟು, ತೊಂಬತ್ತು ದಿನದ ಗಡುವು ಬರೆದು, ಹನ್ನೊಂದು ಷರತ್ತುಗಳನ್ನು ಓದಿ ಹೇಳಿದಿರಿ. ಪಹಣಿ, ಋಣಭಾರ ಪತ್ರ, ಸರ್ವೆ ನಕ್ಷೆ, ಎಲ್ಲೆ ಕಲ್ಲು, ಭೂಪರಿವರ್ತನೆಯ ಆದೇಶ ಹೀಗೆ ಸಾಗಿ, ಹನ್ನೊಂದನೆಯದು ನನ್ನ ತಂಗಿ ಬೈರಮ್ಮನ ಒಪ್ಪಿಗೆ ಪತ್ರ. ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಎರಡು ವರ್ಷದ ಹಿಂದೆ ಬಂದಿದ್ದರಿಂದ ಆಕೆಯೂ ಸಹಿ ಹಾಕಬೇಕು, ಹಣದಲ್ಲಿ ಅರ್ಧ ಆಕೆಗೆ ಹೋಗಬೇಕು ಎಂದು ಕಂಪನಿಯ ವಕೀಲರೇ ಬರೆಸಿದ್ದರು. ಅರ್ಧ ಕೊಡುವುದಕ್ಕೆ ನನ್ನ ತಕರಾರಿರಲಿಲ್ಲ. ಇದನ್ನು ಈ ತಾಲ್ಲೂಕಿನಲ್ಲಿ ಯಾರೂ ನಂಬುವುದಿಲ್ಲವಾದರೂ ನಿಜ. ನನಗಿದ್ದ ತೊಂದರೆ ಏನೆಂದರೆ, ತಂಗಿಯೂ ನಾನೂ ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದೆವು. ಅಪ್ಪ ತೀರಿಕೊಂಡಾಗ ಆಕೆ ಬಂದು, ನನ್ನ ಕಡೆ ಬೆನ್ನು ಮಾಡಿ ಅತ್ತು, ನೀರೂ ಮುಟ್ಟದೆ ಬಸ್ಸು ಹತ್ತಿದ್ದಳು. ಅಂಥ ಒಂದು ಮೌನವನ್ನು ಸಾಕಿ ಬೆಳೆಸುವುದಕ್ಕೆ ಎಷ್ಟು ಶ್ರಮ ಬೇಕೆಂಬುದು ತಮ್ಮ ವಯಸ್ಸಿಗೆ ತಿಳಿಯುವುದಿಲ್ಲ.

ಆದ್ದರಿಂದ ಒಪ್ಪಿಗೆ ತರುವ ಕೆಲಸವನ್ನು ತಮಗೇ ಒಪ್ಪಿಸಿದೆ. ತಾವು ಸಂತೋಷದಿಂದ ಕೂಟಗಲ್ಲಿಗೆ ಹೋದಿರಿ, ಅಲ್ಲಿ ಆಕೆಯ ಗಂಡ ಸಿದ್ದಯ್ಯನ ಮನೆಯ ಜಗುಲಿಯಲ್ಲಿ ಕೂತು ಫಾರಂ ತುಂಬಿಸಿದಿರಿ. ತಮ್ಮ ಫಾರಂ ಮುದ್ರಿಸಿದ ಮಹಾನುಭಾವರು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾದರೆ ಅವರಿಗೂ ಒಂದು ಪತ್ರ ಬರೆಯುವೆ. ಕೊನೆಯ ಪುಟದಲ್ಲಿ 'ಸಹಿ ಮಾಡುವವರ ಷರತ್ತು ಏನಾದರೂ ಇದ್ದಲ್ಲಿ' ಎಂದೊಂದು ಕಲಂ ಇದೆ. ಇಡೀ ಜಗತ್ತೇ ಅಲ್ಲಿ 'ಇಲ್ಲ' ಎಂದು ಬರೆಯುತ್ತದೆ. ತಾವು ಕೇಳಿದಾಗ ನನ್ನ ತಂಗಿ "ಐತೆ" ಎಂದಳಂತೆ. ಆಕೆ ಹೇಳಿದಳು, ತಾವು ಬರೆದಿರಿ, ಕಂಪನಿಯ ವಕೀಲರು ಇದರಲ್ಲಿ ಕಂಪನಿಗೆ ಖರ್ಚಿಲ್ಲವೆಂದು ನೋಡಿ ಅದೇ ದಿನ ಸಹಿ ಹಾಕಿದರು. ನಾನೂ ಹಾಕಿದೆ. ಓದದೆ ಹಾಕಿದೆ. ಸೊಸೈಟಿಯ ಗೋಡೆಯ ಮೇಲೆ 'ಓದಿ ಸಹಿ ಮಾಡಿ' ಎಂದು ಸುಣ್ಣದಲ್ಲಿ ಬರೆಸಿದವನು ನಾನೇ. ಆದರೆ ಆ ದಿನ ಹನ್ನೆರಡನೆಯ ಷರತ್ತು ಇನ್ನೊಂದಿಷ್ಟು ಹಣದ ವಿಷಯವಿರಬೇಕು, ಆಮೇಲೆ ಜಗಳ ಮಾಡಿದರಾಯಿತು ಎಂದುಕೊಂಡೆ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಅದು ಹೀಗಿತ್ತು: 'ಕೂಟಗಲ್ಲಿನಲ್ಲಿರುವ ನನ್ನ ಗಂಡನ ಮನೆಯ ಹುಳದ ಮನೆ ಬಾಗಿಲಲ್ಲಿ, ನನ್ನ ಅತ್ತೆ ದೊಡ್ಡತಾಯಮ್ಮನವರಿಗೆ ಕೇಳಿಸುವ ಹಾಗೆ, ನನ್ನ ಅಣ್ಣ ಬಾಲರಾಜು ತಮ್ಮ ಬಾಯಿಂದ ಈ ಮೂರು ಮಾತು ಹೇಳತಕ್ಕದ್ದು. ಒಂದು, ಎಂಬತ್ತೆಂಟನೇ ಇಸವಿಯಲ್ಲಿ ಹುಳ ಸತ್ತಿದ್ದು ನಾನು ಕುಯ್ದು ತಂದ ಔಷಧಿ ಬಿದ್ದ ಸೊಪ್ಪಿನಿಂದ. ಎರಡು, ನನ್ನ ತಂಗಿಯಿಂದ ಅಲ್ಲ. ಮೂರು, ಅದು ನನಗೆ ಆವತ್ತೇ ಗೊತ್ತಿತ್ತು.'

ಮಾನ್ಯರೇ, ತಾವು ಆಗ ಇನ್ನೂ ಮಗುವಾಗಿದ್ದಿರಿ, ಆದ್ದರಿಂದ ಎಂಬತ್ತೆಂಟರ ವಿಷಯವನ್ನು ನಾನೇ ಹೇಳಬೇಕಾಗಿದೆ. ಆ ಕಾಲದಲ್ಲಿ ನಮ್ಮ ಮನೆಯ ರೇಷ್ಮೆಹುಳ ಸಾಕಣೆಗೆ ಬೈರಮ್ಮನ ಕೈ ಬೇಕಿತ್ತು. ಮದುವೆಯಾಗಿ ಕೂಟಗಲ್ಲಿಗೆ ಹೋದ ಮೇಲೂ ಹುಳ ಗೂಡು ಕಟ್ಟುವ ಮೊದಲಿನ ಆ ಕೊನೆಯ ವಾರಕ್ಕೆ ಅಪ್ಪ ಆಕೆಯನ್ನು ಕರೆಸುತ್ತಿದ್ದರು. ಕತ್ತಲೆಯಲ್ಲಿ ತಟ್ಟೆಯ ಹತ್ತಿರ ಕಿವಿ ಇಟ್ಟು, ಸೊಪ್ಪು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಯ ಹುಳಕ್ಕೆ ಇನ್ನೂ ಹಸಿವಿದೆ ಎಂದು ಹೇಳುತ್ತಿದ್ದಳು. ಆ ದಿನ ನಾನು ಬೆಳಿಗ್ಗೆ ತೋಟದ ಪಕ್ಕದ ಬದನೆ ಸಾಲಿಗೆ ಔಷಧಿ ಹೊಡೆದಿದ್ದೆ. ಗಾಳಿ ಇತ್ತು. ಗಾಳಿ ಯಾವ ಕಡೆ ಇತ್ತು ಎಂಬುದೂ ನನಗೆ ಗೊತ್ತಿತ್ತು. ಸೊಸೈಟಿಗೆ ಹೊತ್ತಾಯಿತೆಂದು ಹತ್ತಿರದ ಸಾಲಿನಿಂದಲೇ ಸೊಪ್ಪು ಕುಯ್ದು ತಂದೆ. ಬೈರಮ್ಮ ಒಂದೆಲೆ ಎತ್ತಿ ಮೂಸಿ, "ಅಣ್ಣ, ಇದ್ಯಾಕೋ ಔಸ್ದಿ ವಾಸ್ನೆ ಒಡೀತೈತೆ ಕಣಣ್ಣ," ಎಂದಳು. "ಅದು ನನ್ನ ಕೈ ವಾಸನೆ, ಹಾಕು ಸುಮ್ನೆ," ಎಂದು ಹೇಳಿ ನಾನೇ ಹಾಕಿಸಿದೆ.

ಮಧ್ಯಾಹ್ನದ ಹೊತ್ತಿಗೆ ಹುಳಗಳು ತಲೆ ಎತ್ತಿ ಹೊರಳಾಡಿ ಹಸಿರು ಕಕ್ಕಲು ಶುರುವಾಯಿತು. ಸಾಯಂಕಾಲದ ಒಳಗೆ ಐವತ್ತು ತಟ್ಟೆಯಲ್ಲಿ ಒಂದೂ ಉಳಿಯಲಿಲ್ಲ. ಅಕ್ಕಪಕ್ಕದವರೆಲ್ಲ ಬಂದು ಅಂಗಳದಲ್ಲಿ ನಿಂತರು. ತಂಗಿಯನ್ನು ಕರೆದೊಯ್ಯಲು ಬಂದಿದ್ದ ಸಿದ್ದಯ್ಯನೂ ಅವನ ತಾಯಿ ದೊಡ್ಡತಾಯಮ್ಮನೂ ಇದ್ದರು. ಅಪ್ಪ ನನ್ನ ಮುಖ ನೋಡಿ, "ಏನಾಯ್ತ್ಲಾ?" ಎಂದರು. "ಮುಟ್ಟಾದೋಳು ಒಳೀಕೆ ಬಂದವ್ಳೆ, ಇನ್ನೇನಾಯ್ತದೆ?" ಎಂದೆ. ತಂಗಿ ಬಾಯಿ ತೆರೆದಳು, ಅಷ್ಟರಲ್ಲಿ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದ್ದರು.

ಆಮೇಲೆ ಆಕೆ ಯಾರ ಹುಳದ ಮನೆಗೂ ಹೋಗಲಿಲ್ಲ. ಹೋಗಗೊಡಲಿಲ್ಲ. ಕೂಟಗಲ್ಲಿನಲ್ಲಿ ಅವರ ಮನೆಯವರೂ ಹುಳ ಸಾಕುವವರೇ. ಆಕೆ ತೋಟದಲ್ಲಿ ಸೊಪ್ಪು ಕುಯ್ದು, ಹೆಚ್ಚಿ, ಕುಕ್ಕೆ ತಂದು ಹೊಸ್ತಿಲ ಹೊರಗೆ ಇಡಬೇಕು. ಒಳಗಿನಿಂದ ಇನ್ನೊಬ್ಬರು ಬಂದು ತೆಗೆದುಕೊಳ್ಳಬೇಕು. ಹತ್ತೊಂಬತ್ತು ವರ್ಷ, ವರ್ಷಕ್ಕೆ ಐದು ಬೆಳೆಯಂತೆ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಗೂಡು ಮಾರಲು ಬರುತ್ತಿದ್ದ ಕೂಟಗಲ್ಲಿನವರ ಬಾಯಲ್ಲಿ ಕೇಳುತ್ತಲೇ ಇದ್ದೆ.

ಈಗ ನನ್ನ ಮೊದಲನೆಯ ದೂರಿಗೆ ಬರುತ್ತೇನೆ. ಜಮೀನಿನ ವ್ಯವಹಾರಕ್ಕೆಂದು ಬೋರ್ಡು ಹಾಕಿಕೊಂಡ ಸಂಸ್ಥೆ ಸತ್ತ ಹುಳದ ವ್ಯವಹಾರಕ್ಕೆ ಯಾಕೆ ಕೈ ಹಾಕಬೇಕು ಎಂದು ತಮ್ಮ ಕಚೇರಿಗೆ ಬಂದು ಬಹಳ ಮರ್ಯಾದೆಯಿಂದ ಕೇಳಿದೆ. ತಾವು ಅದಕ್ಕಿಂತ ಮರ್ಯಾದೆಯಿಂದ ಉತ್ತರಿಸಿದಿರಿ. "ಸಾರ್, ಷರತ್ತು ಒಳ್ಳೇದೋ ಕೆಟ್ಟದ್ದೋ ನೋಡೋದು ನಮ್ಮ ಕೆಲಸ ಅಲ್ಲ. ಮೂರು ಕಡೆಯವರೂ ಸಹಿ ಹಾಕಿದ್ದೀರಿ. ನಡೀತೋ ಇಲ್ಲವೋ, ಅಷ್ಟು ಮಾತ್ರ ನಾನು ನೋಡ್ತೀನಿ." ಹೀಗೆ ಹೇಳಿ ನನಗೆ ನೀರು ಕೊಟ್ಟಿರಿ.

ನಂತರ ನಾನು ಮಾಡಿದ ಪ್ರಾಮಾಣಿಕ ಪ್ರಯತ್ನಗಳನ್ನು ತಾವು ಒಂದಾದ ಮೇಲೊಂದರಂತೆ ಹೇಗೆ ತಿರಸ್ಕರಿಸಿದಿರಿ ಎಂಬುದು ತಮ್ಮ ಕಡತದಲ್ಲೇ ಇದೆ. ಮೊದಲು ನಾಲ್ಕು ಪುಟದ ವಿಷಾದ ಪತ್ರ ಬರೆದೆ. ಅದರಲ್ಲಿ 'ಅಂದಿನ ಅಹಿತಕರ ಸನ್ನಿವೇಶದಲ್ಲಿ ಉಂಟಾಗಿರಬಹುದಾದ ತಪ್ಪುಗ್ರಹಿಕೆ' ಎಂಬ ಮಾತನ್ನು ಕೂಡಿಸಲು ನನಗೆ ಎರಡು ದಿನ ಹಿಡಿದಿತ್ತು. ತಾವು ಅಂಚಿನಲ್ಲಿ ಪೆನ್ಸಿಲಿನಿಂದ 'ಷರತ್ತು: ಹೇಳತಕ್ಕದ್ದು. ಬರೆಯತಕ್ಕದ್ದು ಅಲ್ಲ' ಎಂದು ಗುರುತು ಮಾಡಿ ಹಿಂದಿರುಗಿಸಿದಿರಿ. ಸರಿ, ಹೇಳುತ್ತೇನೆಂದು ಬಂದು ತಮ್ಮ ಮೇಜಿನ ಮುಂದೆ ನಿಂತು, ಸೊಪ್ಪಿನಿಂದಲೂ ಆಗಿರಬಹುದು ಎಂದು ಹೇಳಿದೆ. 'ಆಗಿರಬಹುದು' ಎಂಬ ಪದ ಷರತ್ತಿನಲ್ಲಿಲ್ಲ, ಮತ್ತು ಈ ಕಚೇರಿ ಹುಳದ ಮನೆ ಬಾಗಿಲಲ್ಲ ಎಂದಿರಿ. ನನ್ನ ಪರವಾಗಿ ಮುಕ್ತಿಯಾರ್ ಹೋಗಿ ಹೇಳಿ ಬರಲೆಂದು ಅವನಿಗೆ ಛಾಪಾ ಕಾಗದದಲ್ಲಿ ಅಧಿಕಾರ ಬರೆದುಕೊಟ್ಟೆ. ಹೆಸರಿನಲ್ಲೇ ಮುಖತ್ಯಾರಿಕೆ ಇರುವವನನ್ನೂ ತಾವು ಒಪ್ಪಲಿಲ್ಲ, 'ತಮ್ಮ ಬಾಯಿಂದ' ಎಂಬುದರ ಕೆಳಗೆ ಗೆರೆ ಎಳೆದು ತೋರಿಸಿದಿರಿ. ಮುಕ್ತಿಯಾರ್ ಕೂಡ ಹೊರಗೆ ಬಂದು, "ಸಾಮಿ, ಜಮೀನಿನ ಸುಳ್ಳಾದ್ರೆ ನಿಮ್ಮ ಪರವಾಗಿ ಎಷ್ಟು ಬೇಕಾದ್ರೂ ಹೇಳ್ತಿದ್ದೆ. ಇದು ನಿಜ, ನಂಗೆ ಅಭ್ಯಾಸ ಇಲ್ಲ," ಎಂದು ಹೇಳಿ ಹೋದ.

ಎಂಬತ್ತು ದಿನ ಕಳೆದವು. ತಂಗಿಯ ಒಪ್ಪಿಗೆಯೊಂದು ಬಿಟ್ಟು ಉಳಿದ ಹತ್ತು ಷರತ್ತುಗಳ ಮುಂದೆಯೂ ತಮ್ಮ ಟಿಕ್ಕು ಬಿದ್ದಿತ್ತು. ಸರ್ಕಾರದ ಆದೇಶ ಬಂತು, ನಕ್ಷೆ ಬಂತು, ಮಣ್ಣಿನಲ್ಲಿ ಹೂತು ಹೋಗಿದ್ದ ಎಲ್ಲೆ ಕಲ್ಲು ಕೂಡ ಎದ್ದು ಬಂತು, ನನ್ನ ನಾಲಗೆಯ ಮೇಲಿನ ಮೂರು ಮಾತು ಬರಲಿಲ್ಲ. ಹೆದ್ದಾರಿಯ ಸೈಟಿನವರು ಇನ್ನೊಬ್ಬರಿಗೆ ಕೊಡುತ್ತೇವೆಂದು ಹೇಳಿ ಕಳಿಸಿದರು. ಕಂಪನಿಯವರು ಗಡುವು ಮುಂದೂಡಲು ಒಪ್ಪಲಿಲ್ಲ, ಪಕ್ಕದ ತೋಟ ನೋಡಿಕೊಂಡು ಹೋದರು. ಇದಕ್ಕಿಂತ ಕೆಟ್ಟದ್ದು ಏನಾಯಿತೆಂದರೆ, ಆ ಮೂರು ಮಾತನ್ನು ನಾನು ಒಬ್ಬನೇ ಇದ್ದಾಗ ಹೇಳಿಕೊಂಡು ನೋಡತೊಡಗಿದೆ. ಮೊದಲ ಎರಡು ಸಲೀಸಾಗಿ ಬರುತ್ತಿದ್ದವು. ಮೂರನೆಯದಕ್ಕೆ ಬಂದಾಗ ಎದುರಿಗೆ ಎಮ್ಮೆ ಮಾತ್ರ ಇದ್ದರೂ ಹುಲ್ಲು ತರುವ ನೆಪದಲ್ಲಿ ಎದ್ದುಬಿಡುತ್ತಿದ್ದೆ.

ಎಂಬತ್ತೇಳನೆಯ ದಿನ, ಜೂನ್ ಹನ್ನೆರಡರಂದು, ತಾವೂ ನಾನೂ ರಾಮನಗರದಿಂದ ಕೂಟಗಲ್ಲಿನ ಬಸ್ಸು ಹತ್ತಿದೆವು. ನಿಷ್ಪಕ್ಷಪಾತಕ್ಕೆ ಭಂಗ ಬಂದೀತೆಂದು ತಾವು ನನ್ನ ಪಕ್ಕದ ಸೀಟಿನಲ್ಲಿ ಕೂರಲಿಲ್ಲ, ನಾನು ಕೊಂಡ ಕಡಲೆಕಾಯಿಯನ್ನೂ ಮುಟ್ಟಲಿಲ್ಲ. ಇಂಥ ಶುದ್ಧಹಸ್ತರನ್ನು ಸಹಕಾರಿ ರಂಗದಲ್ಲಿ ನಾನು ಕಂಡಿರಲಿಲ್ಲ.

ಹುಳದ ಮನೆಯ ಮುಂದೆ ದೊಡ್ಡತಾಯಮ್ಮ ಚಾಪೆಯ ಮೇಲೆ ಕೂತಿದ್ದರು. ವಯಸ್ಸು ತೊಂಬತ್ತರ ಹತ್ತಿರ. ಸಿದ್ದಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಬೈರಮ್ಮ ಸೊಪ್ಪು ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಕುಡುಗೋಲು ನಿಲ್ಲಿಸಿದಳು, ಏಳಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಣ್ಣಿನಲ್ಲಿ ಆಕೆಗೆ ಇನ್ನೂ ಇಪ್ಪತ್ತೇಳೇ ಇತ್ತು, ಆದ್ದರಿಂದ ಒಂದು ಕ್ಷಣ ಯಾರೋ ಎಂದುಕೊಂಡೆ.

ತಾವು ಕಡತ ಬಿಚ್ಚಿ ಷರತ್ತನ್ನು ಓದಿದಿರಿ. ನಾನು ಮೊದಲ ಮಾತು ಹೇಳಿದೆ. ದೊಡ್ಡತಾಯಮ್ಮ ಕಿವಿಗೆ ಕೈ ಹಚ್ಚಿ, "ಏನಂದೆ? ಗಟ್ಟಿಯಾಗೇಳಪ್ಪ, ಈ ಕಿವಿ ಒಸಿ ಮಂದ," ಎಂದರು. ಗಟ್ಟಿಯಾಗಿ ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎರಡನೆಯದನ್ನೂ ಗಟ್ಟಿಯಾಗಿ ಹೇಳಿ, ಟವೆಲಿನಿಂದ ಮುಖ ಒರೆಸಿಕೊಂಡು, ಆಯಿತಲ್ಲ ಎಂಬಂತೆ ತಮ್ಮ ಕಡೆ ನೋಡಿದೆ.

"ಸಾರ್, ಇನ್ನೊಂದು ಮಾತಿದೆ," ಎಂದಿರಿ ತಾವು.

ತಂಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ಸಿಟ್ಟಾಗಿ ಹೊರಟು ಬರಬಹುದಿತ್ತು. ಅಳು ಇದ್ದಿದ್ದರೆ ಸಮಾಧಾನ ಹೇಳಬಹುದಿತ್ತು. ಔಷಧಿಯಂಗಡಿಯಲ್ಲಿ ಚೀಟಿ ಕೊಟ್ಟು ಕಾಯುವವರ ಹಾಗೆ ಸುಮ್ಮನೆ ಕಾಯುತ್ತಿದ್ದಳು.

"ನಂಗೆ ಆವತ್ತೇ ಗೊತ್ತಿತ್ತು," ಎಂದೆ. ದೊಡ್ಡತಾಯಮ್ಮ ಮತ್ತೆ ಕಿವಿಗೆ ಕೈ ಹಚ್ಚಿದರು. "ಗೊತ್ತಿತ್ತು ಕಣಮ್ಮ! ಆವತ್ತೇ ಗೊತ್ತಿತ್ತು ನಂಗೆ!" ಎಂದು ಕೂಗಿದೆ. ಮೂರನೆಯ ಸಲ ಯಾರೂ ಕೇಳಿರಲಿಲ್ಲ, ಆದರೂ ಇನ್ನೊಮ್ಮೆ ಹೇಳಿದೆ. ಅದು ಯಾಕೆಂದು ನನಗೆ ಗೊತ್ತಿಲ್ಲ.

ಸಿದ್ದಯ್ಯ ನೆಲ ನೋಡುತ್ತಿದ್ದ. ದೊಡ್ಡತಾಯಮ್ಮ ನನ್ನ ಕಡೆ ನೋಡದೆ, ಸೊಸೆಯ ಕಡೆಯೂ ನೋಡದೆ, ಹೆಚ್ಚಿಟ್ಟ ಸೊಪ್ಪಿನ ಕುಕ್ಕೆಗೆ ಹೇಳುವ ಹಾಗೆ, "ಓಗವ್ವ ಒಳೀಕೆ. ಸೊಪ್ಪು ಬಾಡ್ತಾ ಐತೆ," ಎಂದರು.

ಬೈರಮ್ಮ ಎದ್ದಳು. ಬಚ್ಚಲ ಹತ್ತಿರ ಹೋಗಿ ಕೈಕಾಲು ತೊಳೆದಳು, ಸೆರಗಿನಲ್ಲಿ ಒರೆಸಿದಳು, ಕುಕ್ಕೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಹೊಸ್ತಿಲ ಹತ್ತಿರ ಅಭ್ಯಾಸಬಲದಿಂದ ಕುಕ್ಕೆಯನ್ನು ಕೆಳಗಿಡಲು ಬಾಗಿದವಳು ಹಾಗೇ ನಿಂತು, ಮತ್ತೆ ನೆಟ್ಟಗಾಗಿ ಒಳಗೆ ಹೋದಳು. ತಾವು ಗಡಿಯಾರ ನೋಡಿ ಹತ್ತು ಗಂಟೆ ನಲವತ್ತು ನಿಮಿಷ ಎಂದು ಬರೆದು, ಟಿಕ್ಕು ಹಾಕಿ, ಮೊಹರು ಒತ್ತಿದಿರಿ. ಒಳಗಿನಿಂದ ಆಕೆ ಹೊರಗೆ ಬಂದದ್ದು ಅರ್ಧ ಗಂಟೆಯ ಮೇಲೆ. ಕಣ್ಣು ಕೆಂಪಗಿದ್ದವು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ತಮಗೆ ಮಾತ್ರ ಕಾಫಿ ತಂದುಕೊಟ್ಟಳು.

ಇದು ನನ್ನ ಎರಡನೆಯ ದೂರು. ನಾನು ಇಷ್ಟು ಹೇಳಿದ ಮೇಲೆ ತಂಗಿ ಓಡಿಬಂದು ಕೈ ಹಿಡಿಯುತ್ತಾಳೆ, ಮುದುಕಿ ನನ್ನನ್ನು ದೊಡ್ಡ ಮನುಷ್ಯ ಎನ್ನುತ್ತಾಳೆ, ಎಲೆ ಹಾಕುತ್ತಾರೆ ಎಂದೆಲ್ಲ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಷರತ್ತಿನಲ್ಲಿ ನಾನು ಹೇಳಬೇಕಾದದ್ದನ್ನು ಮೂರು ಭಾಗ ಮಾಡಿ ಬರೆದ ತಾವು, ಹೇಳಿಸಿಕೊಂಡವರು ಏನು ಮಾಡಬೇಕೆಂಬುದನ್ನು ಒಂದು ಸಾಲಾದರೂ ಬರೆಯಬಾರದಿತ್ತೇ? ಹಿಂದಕ್ಕೆ ಬರುವ ಬಸ್ಸಿನಲ್ಲಿ ಇದನ್ನೇ ಕೇಳಿದೆ. "ಅದು ಅವರು ಕೇಳಲಿಲ್ಲ ಸಾರ್, ನೀವೂ ಕೇಳಲಿಲ್ಲ," ಎಂದು ಹೇಳಿ ತಾವು ಕಿಟಕಿಯ ಹೊರಗೆ ನೋಡಿದಿರಿ.

ತಮ್ಮ ಪದ್ಧತಿಯನ್ನು ಇಷ್ಟು ಹತ್ತಿರದಿಂದ ಕಂಡ ಮೇಲೆ ಅದನ್ನು ಜಮೀನಿಗೆ ಮಾತ್ರ ಮೀಸಲಿಡುವುದು ಅನ್ಯಾಯವೆಂದು ನನಗೆ ತೋರಿದೆ. ಆದಕಾರಣ ತಮ್ಮ ಮೇಲಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳಲ್ಲಿ, ಅಂಗಳದಲ್ಲಿ ಜನ ಸೇರಿದಾಗ ಗಂಡಸರ ಬಾಯಿಂದ ಮೊದಲು ಬೀಳುವ ಮಾತನ್ನು ನೇರವಾಗಿ ಜನರಿಗೆ ಕೊಡದೆ, ತಮ್ಮ ಕಚೇರಿಯಲ್ಲಿ ಠೇವಣಿ ಇಡಿಸಿಕೊಳ್ಳತಕ್ಕದ್ದು. ಆ ಮಾತಿಗೆ ಸಂಬಂಧಪಟ್ಟ ಎಲೆಯನ್ನು ಯಾರಾದರೂ ಮೂಸಿ ನೋಡಿ, ಗಾಳಿ ಯಾವ ಕಡೆ ಇತ್ತೆಂದು ವಿಚಾರಿಸಿ, ಎಲ್ಲ ಸರಿ ಇದ್ದರೆ ಮಾತ್ರ ಊರಿಗೆ ಬಿಡುಗಡೆ ಮಾಡತಕ್ಕದ್ದು. ತೊಂಬತ್ತು ದಿನದಲ್ಲಿ ರುಜುವಾತಾಗದಿದ್ದರೆ ಆಡಿದವನ ಬಾಯಿಗೇ ವಾಪಸು ಹಾಕತಕ್ಕದ್ದು. ಈ ಸೇವೆ ಎಂಬತ್ತೆಂಟರಲ್ಲಿ ನಮ್ಮೂರಿಗೆ ಇರಲಿಲ್ಲವೆಂಬುದು ತಮ್ಮ ಸಂಸ್ಥೆಯ ಮೇಲೆ ನಾನು ಹೊರಿಸುವ ಅತಿ ದೊಡ್ಡ ಆರೋಪ. ಆಗ ತಾವು ಅಂಗನವಾಡಿಗೂ ಹೋಗುತ್ತಿರಲಿಲ್ಲ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ.

ನೋಂದಣಿಯ ದಿನದ ಒಂದು ಸಂಗತಿ ತಮ್ಮ ಕಡತದಲ್ಲಿ ಇಲ್ಲ, ಯಾಕೆಂದರೆ ತಾವು ಆಗ ಒಳಗೆ ಕಾಗದ ತೋರಿಸುತ್ತಿದ್ದಿರಿ. ಉಪನೋಂದಣಿ ಕಚೇರಿಯ ಹೊರಗೆ ಒಂದೇ ಬೆಂಚು ಇತ್ತು. ಬೇರೆ ಜಾಗವಿಲ್ಲದೆ ಬೈರಮ್ಮ ಬಂದು ಅದರ ಆ ತುದಿಗೆ ಕೂತಳು. ಹೆಬ್ಬೆಟ್ಟಿಗೆ ಹಚ್ಚಿದ ಮಸಿಯನ್ನು ಬೆಂಚಿನ ಅಂಚಿಗೆ ಒರೆಸುತ್ತ ಕೇಳಿದಳು: "ಆವತ್ತು ಯಾಕಣ್ಣ ಅಂಗಂದೆ?"

ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಗೆ ಸೊಸೈಟಿಯ ಭಾಷೆಯಲ್ಲಿ ನಾನು ಎಷ್ಟೋ ಉತ್ತರ ಸಿದ್ಧಪಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. "ಬಾಯಿಗೆ ಬಂತು, ಅಂದೆ," ಎಂದೆ. "ಎಲ್ಲಾರೂ ತಕ್ಷಣ ನಂಬಿಬುಟ್ರು. ಒಬ್ಬರಾದ್ರೂ ಇಲ್ಲ ಅಂದಿದ್ರೆ ನಿಜ ಹೇಳ್ತಿದ್ನೋ ಏನೋ."

"ನಾನು ಇಲ್ಲ ಅನ್ಬೇಕಾಗಿತ್ತು," ಎಂದಳು ಆಕೆ. "ನಾನೂ ನಂಬಿದ್ದೆ ಕಣಣ್ಣ. ಒಂದು ವರ್ಸ ನಂಬಿದ್ದೆ. ನನ್ನ ಮೈಯಿಂದ್ಲೇ ಅಷ್ಟು ಜೀವ ಓಯ್ತು ಅಂತ. ಸ್ನಾನ ಮಾಡುವಾಗ್ಲೆಲ್ಲ ಮೈ ಉಜ್ಜಿ ಉಜ್ಜಿ ರಕ್ತ ಬರುಸ್ಕೊಂಡಿದ್ದೆ. ಮುಂದ್ಲ ವರ್ಸ ಪಕ್ಕದ ಮನೇಲಿ ಔಸ್ದಿ ಸೊಪ್ಪು ತಿಂದು ಹುಳ ಹಂಗೇ ಹಸಿರು ಕಕ್ಕಿ ಸತ್ವು ನೋಡು, ಆವಾಗ್ಲೇ ನಂಗೆ ಗೊತ್ತಾಗಿದ್ದು."

ಅಷ್ಟರಲ್ಲಿ ಒಳಗಿನಿಂದ ನಮ್ಮ ಹೆಸರು ಕರೆದರು. ಆಕೆ ಎದ್ದು ಹೋದಳು, ನಾನು ಹಿಂದೆ ಹೋದೆ, ಇಬ್ಬರೂ ಸಹಿ ಮಾಡಿದೆವು. ಅದೇ ದಿನ ಸಂಜೆ ತಾವು ಪತ್ರವನ್ನು ಕಂಪನಿಗೂ ಹಣವನ್ನು ನಮ್ಮಿಬ್ಬರಿಗೂ ಬಿಡುಗಡೆ ಮಾಡಿ, ಖಾತೆಯಲ್ಲಿ ಇನ್ನು ಏನೂ ಉಳಿದಿಲ್ಲವೆಂದು ಕಾಗದ ಕೊಟ್ಟಿರಿ. ನನ್ನ ಕೊನೆಯ ತಕರಾರು ಆ ಕಾಗದದ ಮೇಲೆಯೇ. ಬೈರಮ್ಮನ ಆ ಒಂದು ವರ್ಷ ಯಾವ ಖಾತೆಯಲ್ಲಿದೆ? ಅದನ್ನು ಬಿಡಿಸಿಕೊಡುವ ಷರತ್ತು ಯಾವುದಾದರೂ ಇದ್ದರೆ, ಅದರಲ್ಲಿ ಎಷ್ಟು ಮಾತಿದ್ದರೂ ಸರಿ, ಎಷ್ಟು ಗಟ್ಟಿಯಾಗಿ ಹೇಳಬೇಕಾದರೂ ಸರಿ, ದಯಮಾಡಿ ಬರೆದು ಕಳಿಸಿ. ಈ ಸಲ ಓದಿಯೇ ಸಹಿ ಹಾಕುತ್ತೇನೆ.

ಎರಡು ಗೆರೆಗಳನ್ನು ಮೀರಿದ್ದಕ್ಕೆ ಕ್ಷಮೆ ಇರಲಿ.

ತಮ್ಮ ಕಟ್ಟುನಿಟ್ಟಿನಿಂದ ಸಾಕಷ್ಟು ನೊಂದು, ಅದಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡಲಾಗದೆ ಉಳಿದಿರುವ,

ತಮ್ಮ ವಿಶ್ವಾಸಿ,
ಬಾಲರಾಜು

ವಿ.ಸೂ.: ತಾವು ಕೊಟ್ಟ ಶುಲ್ಕದ ರಸೀತಿಯಲ್ಲಿ ಹನ್ನೆರಡನೆಯ ಷರತ್ತಿಗೆ ಪ್ರತ್ಯೇಕ ದರ ಹಾ‌ಕಿಲ್ಲ, 'ಇತರೆ' ಎಂದಷ್ಟೇ ಇದೆ. ಬೇಗ ಒಂದು ದರ ಗೊತ್ತುಮಾಡುವುದು ಒಳ್ಳೆಯದು. ಕೂಟಗಲ್ಲಿನ ಸುದ್ದಿ ಇಲ್ಲಿಗೆ ತಲುಪಿದ ಮೇಲೆ ಈವರೆಗೆ ಮೂವರು ಹೆಂಗಸರು ಮಾರಲು ಒಂದು ಗುಂಟೆ ಜಮೀನೂ ಇಲ್ಲದಿದ್ದರೂ ತಮ್ಮ ಕಚೇರಿಯ ವಿಳಾಸ ಕೇಳಿದ್ದಾರೆ. ಅವರಲ್ಲಿ ಒಬ್ಬಾಕೆ ನನ್ನ ಹೆಂಡತಿ.